ಹಲ್ಲು ಕಾಣಬಾರದು

ಫೆಬ್ರವರಿ 6

ಬುಗುರಿಯ ಅಪ್ಪನಿಗೆ,

ಮೊನ್ನೆ ನಾನು ಮಾತು ಮುಗಿಸುವ ಮೊದಲೇ ಫೋನ್ ಇಟ್ಟುಬಿಟ್ಟಿರಿ. ಅದಕ್ಕೇ ಈ ಕಾಗದ. ಕಾಗದವನ್ನಾದರೂ ಕೊನೆಯವರೆಗೆ ಓದುತ್ತೀರಿ ಎಂದುಕೊಂಡಿದ್ದೇನೆ.

ಆಸ್ಪತ್ರೆಯವರು ಕೊನೆಗೂ ಕುಟುಂಬ ವೀಸಾಕ್ಕೆ ಪತ್ರ ಕೊಟ್ಟರು. ಮಕ್ಕಳ ವಾರ್ಡಿನಲ್ಲಿ ನನ್ನ ಕೆಲಸ ಕಾಯಂ ಆಯಿತು, ಎರಡು ಕೋಣೆಯ ಮನೆಯೂ ಸಿಕ್ಕಿತು. ಮಗಳನ್ನು ಕರೆಸಿಕೊಳ್ಳುತ್ತೇನೆ. ನಾನು ಊರು ಬಿಟ್ಟಾಗ ಅವಳಿಗೆ ಐದು ನಡೆಯುತ್ತಿತ್ತು. ಬರುವ ಸೆಪ್ಟೆಂಬರಿಗೆ ಒಂಬತ್ತು ತುಂಬುತ್ತದೆ. ಬೇರೆಯವರ ಮಕ್ಕಳಿಗೆ ಜ್ವರ ನೋಡುತ್ತಾ, ಅವರು ಅತ್ತರೆ ಎತ್ತಿಕೊಳ್ಳುತ್ತಾ ನಾಲ್ಕು ವರ್ಷ ಕಳೆದೆ. ನನ್ನ ಮಗಳ ಹಣೆ ಮುಟ್ಟಿದರೆ ಹೇಗಿರುತ್ತದೆ ಎನ್ನುವುದೇ ಮರೆತುಹೋಗುತ್ತಿದೆ.

ಪತ್ರ ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ ನಡೆಯುತ್ತದೆ. ಅಷ್ಟರೊಳಗೆ ಅವಳು ಇಲ್ಲಿ ಇಳಿಯಲೇಬೇಕು. ತಪ್ಪಿದರೆ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು, ಆಮೇಲೆ ಯಾವಾಗ ಎಂದು ಹೇಳುವವರಿಲ್ಲ. ನನಗೆ ಮುಂದಿನ ವರ್ಷದವರೆಗೂ ರಜೆ ಇಲ್ಲ, ಬಂದು ಕರೆದುಕೊಂಡು ಹೋಗಲಾರೆ. ವಿಮಾನದಲ್ಲಿ ಒಂಟಿ ಮಕ್ಕಳನ್ನು ನೋಡಿಕೊಳ್ಳುವವರು ಇರುತ್ತಾರೆ.

ಅವಳ ಪಾಸ್‌ಪೋರ್ಟ್ ಬೇಕು. ಜನನ ಪ್ರಮಾಣ ಪತ್ರ ಬೇಕು, ನಗರಸಭೆಯ ಸೀಲು ಇರುವುದು, ಆಸ್ಪತ್ರೆಯವರು ಕೊಟ್ಟ ಚೀಟಿ ನಡೆಯುವುದಿಲ್ಲ. ಕಳಿಸುವುದಕ್ಕೆ ಅಪ್ಪನ ಒಪ್ಪಿಗೆ ಇದೆ ಎಂದು ನೋಟರಿಯ ಎದುರು ನಿಮ್ಮ ಸಹಿ ಬೇಕು. ಭೇಟಿ ವೀಸಾ ಸುಲಭ ಎಂದು ಯಾವನಾದರೂ ಏಜೆಂಟ್ ತಲೆ ಸವರಿದರೆ ಕೇಳಬೇಡಿ. ಅದರಲ್ಲಿ ಬಂದರೆ ಮೂರು ತಿಂಗಳಿಗೆ ವಾಪಸ್ ಕಳಿಸಬೇಕು. ನನಗೆ ನೆಂಟಳು ಬೇಡ, ಮಗಳು ಬೇಕು.

ಇಂತಿ,
ಬುಗುರಿಯ ಅಮ್ಮ


ಫೆಬ್ರವರಿ 27

ನರ್ಸಮ್ಮನವರಿಗೆ,

ಇಟ್ಟುಬಿಟ್ಟಿರಿ, ಓದುತ್ತೀರಿ, ಕೇಳಬೇಡಿ! ಅಬ್ಬಬ್ಬಾ, ಎಂಥ ಮರ್ಯಾದೆ ನನಗೆ! ಮದುವೆಯ ದಿನ ಅಷ್ಟು ಜನರ ಎದುರಿಗೆ "ಏ, ನೀನು ಸ್ವಲ್ಪ ಆ ಕಡೆ ಸರಿಯೋ" ಎಂದವಳು ಇವಳೇನಾ ಅಂತ ಎರಡು ಸಲ ಅಕ್ಷರ ನೋಡಿದೆ. ಅಕ್ಕನಿಗೆ ಓದಿ ಹೇಳಿದೆ. "ಇದು ಮರ್ಯಾದೆ ಅಲ್ಲ ಕಣೋ, ಮುಖದ ಮೇಲೆ ಬಾಗಿಲು ಹಾಕೋದು" ಎಂದಳು. ಅಕ್ಕ ಬಂದು ನಮ್ಮ ಜೊತೆ ಇರುವುದಕ್ಕೆ ಶುರುಮಾಡಿ ಮೂರು ವರ್ಷವಾಯಿತು, ಅವಳ ನಾಲಿಗೆಯ ಹರಿತ ಮಾತ್ರ ಒಂದು ಚೂರೂ ಕಡಿಮೆಯಾಗಿಲ್ಲ.

ಪಾಸ್‌ಪೋರ್ಟ್ ಕಚೇರಿಗೆ ಹೋಗಿ ಬಂದೆ. ಮೂರನೆಯ ಕಿಟಕಿಯ ಸಾಹೇಬರಿಗೆ ನನ್ನ ಪರಿಚಯ ಚೆನ್ನಾಗಿದೆ. ಈ ಊರು ಬಿಟ್ಟು ಹಾರಿದವರಲ್ಲಿ ಮುಕ್ಕಾಲು ಜನ ನನ್ನ ಸ್ಟುಡಿಯೋದ ಸ್ಟೂಲಿನ ಮೇಲೆ ಕೂತು, ನನ್ನ ಹತ್ತಿರ "ಗಲ್ಲ ಸ್ವಲ್ಪ ಕೆಳಗೆ" ಅನ್ನಿಸಿಕೊಂಡು ಹೋದವರೇ ತಾನೆ, ನೀನೂ ಸೇರಿ. ಸಾಹೇಬರು ಒಂದು ಒಳ್ಳೆಯ ದಾರಿ ಹೇಳಿದರು. ಅಪ್ಪನ ಹತ್ತಿರ ಪಾಸ್‌ಪೋರ್ಟ್ ಇದ್ದರೆ ಮಗುವಿಗೆ ಬೇರೆ ಪುಸ್ತಕವೇ ಬೇಡವಂತೆ. ಅಪ್ಪನ ಪುಸ್ತಕದಲ್ಲೇ ಮಗುವಿನ ಹೆಸರು ಬರೆದು, ಫೋಟೋ ಅಂಟಿಸಿ, ಸೀಲು ಹೊಡೆದುಬಿಡುತ್ತಾರೆ. ಒಂದು ವಾರದ ಕೆಲಸ.

ನನ್ನದು ಇದೆಯಲ್ಲ. ನೀನು ಊರು ಬಿಟ್ಟ ವರ್ಷವೇ ಮಾಡಿಸಿದ್ದು. ಒಂದು ಪುಟಕ್ಕೂ ಸೀಲು ಬಿದ್ದಿಲ್ಲ, ಬೀರುವಿನಲ್ಲಿ ಹೊಸ ಮದುಮಗನ ಹಾಗೆ ಕೂತಿದೆ. ಅರ್ಜಿ ತಂದು ತುಂಬಿಟ್ಟಿದ್ದೇನೆ. ನೀನು ಹೂಂ ಎಂದರೆ ಕೊಟ್ಟುಬಿಡುತ್ತೇನೆ. ವೀಸಾಕ್ಕೆ ಬೇಕಾದೀತು ಅಂತ ಫೋಟೋಗಳನ್ನು ಇದರ ಜೊತೆಗೇ ಇಟ್ಟಿದ್ದೇನೆ.

ಬುಗುರಿ ಚೆನ್ನಾಗಿದ್ದಾಳೆ. ಹೆಸರಿಟ್ಟದ್ದಕ್ಕೆ ಸರಿಯಾಗಿ ನಿಂತಲ್ಲಿ ನಿಲ್ಲುವುದಿಲ್ಲ. ಮುಂದಿನ ಎರಡು ಹಲ್ಲು ಹೊಸದು ಬಂದಿವೆ, ಅಗಲವಾಗಿ, ಥೇಟು ನಿನ್ನವು.

ನಿನ್ನ,
ಸ್ಟುಡಿಯೋದವನು


ಮಾರ್ಚ್ 19

ಬುಗುರಿಯ ಅಪ್ಪನಿಗೆ,

ನಿಮ್ಮ ಪುಸ್ತಕದಲ್ಲಿ ಅವಳ ಹೆಸರು ಸೇರಿಸಿದರೆ ಅವಳು ನಿಮ್ಮ ಜೊತೆಯಲ್ಲಿ ಮಾತ್ರ ಗಡಿ ದಾಟಬಹುದು. ನೀವಿಲ್ಲದೆ ಒಂದು ಹೆಜ್ಜೆ ಆಚೆ ಇಡುವಂತಿಲ್ಲ. ಇದು ಕಿಟಕಿಯ ಸಾಹೇಬರಿಗೆ ಗೊತ್ತು, ನನಗೆ ಗೊತ್ತು. ನಿಮಗೂ ಗೊತ್ತು.

ಅವಳದೇ ಬೇರೆ ಪಾಸ್‌ಪೋರ್ಟ್ ಮಾಡಿಸಿ. ದಯವಿಟ್ಟು.

ಲಕೋಟೆಯಲ್ಲಿ ಅವಳ ಫೋಟೋಗಳ ಜೊತೆ ನಿಮ್ಮದೂ ಎರಡು ಇದ್ದವು. ತಪ್ಪಿ ಬಂದಿರಬೇಕು ಎಂದು ಇದರೊಳಗೆ ವಾಪಸ್ ಇಟ್ಟಿದ್ದೇನೆ. ಕಿವಿಯ ಹತ್ತಿರ ಕೂದಲು ನರೆತಿದೆ. ಸಪ್ಪಗಾಗಿದ್ದೀರಿ. ಊಟ ಹೊತ್ತಿಗೆ ಸರಿಯಾಗಿ ಮಾಡಿ.

ಇಷ್ಟು ಬರೆದು ಕಾಗದ ಮಡಿಸಿದೆ, ಮತ್ತೆ ಬಿಚ್ಚಿದೆ. ಆಸ್ಪತ್ರೆಯವರ ಅರ್ಜಿಯಲ್ಲಿ ಕುಟುಂಬದವರ ಹೆಸರು ಬರೆಯುವ ಜಾಗ ಇತ್ತು. ಮೊದಲ ವರ್ಷ ನಾನು ಕರೆದಾಗ ಸ್ಟುಡಿಯೋ ಯಾರು ನೋಡಿಕೊಳ್ಳುತ್ತಾರೆ ಎಂದಿರಿ. ಎರಡನೆಯ ವರ್ಷ ಕರೆದಾಗ ಅಕ್ಕನನ್ನು ಬಿಟ್ಟು ಹೇಗೆ ಬರಲಿ ಎಂದಿರಿ. ಮೂರನೆಯ ವರ್ಷ ನಾನು ಕರೆಯಲಿಲ್ಲ, ಇನ್ನೂ ಸ್ವಲ್ಪ ಕಾಲ ಇರುತ್ತೇನೆ ಎಂದೆ. "ಹಾಗಾದ್ರೆ ಬರಲೇಬೇಡ" ಎಂದಿರಿ. ಅದನ್ನು ಕೇಳಿಸಿಕೊಂಡು, ಮುಖ ತೊಳೆದುಕೊಂಡು, ಪಾಳಿಗೆ ಹೋದೆ. ಅರ್ಜಿಯ ಆ ಜಾಗದಲ್ಲಿ ಮಗಳ ಹೆಸರು ಬರೆದೆ. ಕೆಳಗಿನ ಸಾಲಿನ ಮೇಲೆ ಪೆನ್ನು ಬಹಳ ಹೊತ್ತು ಹಿಡಿದುಕೊಂಡಿದ್ದೆ. ನಿಮ್ಮ ಹೆಸರು ಬರೆಯದೆ ಖಾಲಿ ಬಿಟ್ಟೆ.

ಬುಗುರಿಯ ಅಮ್ಮ


ಮೇ 8

ನರ್ಸಮ್ಮನವರಿಗೆ,

ಹೌದು, ಫೋಟೋ ತಪ್ಪಿಯೇ ಬಂದದ್ದು. ನನ್ನ ಮೇಜಿನ ಅವತಾರ ನಿನಗೆ ಗೊತ್ತಲ್ಲ, ಯಾರ ಮುಖ ಯಾರ ಲಕೋಟೆಗೆ ಬೇಕಾದರೂ ಹೋದೀತು.

ಬುಗುರಿಯ ಹೆಸರಿಗೇ ಅರ್ಜಿ ಹಾಕಿದ್ದೇನೆ. ಜನನ ಪ್ರಮಾಣ ಪತ್ರಕ್ಕೆ ನಗರಸಭೆಯವರು ನನ್ನ ಚಪ್ಪಲಿ ಸವೆಸಿದರು, ಆದರೆ ಸಿಕ್ಕಿತು. ನಿನ್ನ ಹೆಸರು ಅದರಲ್ಲಿ ಸರಿಯಾಗಿದೆ, ನನ್ನದೂ ಸರಿಯಾಗಿದೆ. ಇಬ್ಬರ ಹೆಸರೂ ಒಂದೇ ಕಾಗದದಲ್ಲಿ ಅಕ್ಕಪಕ್ಕ ನೋಡಿ ಎಷ್ಟು ಕಾಲವಾಗಿತ್ತು! ಒಂದು ಪ್ರತಿ ಹೆಚ್ಚಿಗೆ ಮಾಡಿಸಿಕೊಂಡೆ.

ಫೋಟೋ ಮಾತ್ರ ಕೈಕೊಟ್ಟಿತು. ಮೊದಲನೆಯದರಲ್ಲಿ ಹಲ್ಲು ಕಾಣುತ್ತಿದೆ ಅಂತ ವಾಪಸ್ ಕೊಟ್ಟರು. ಗೊತ್ತಿರುವ ವಿಷಯವೇ, ಬಾಯಿ ಮುಚ್ಚಿರಬೇಕು, ಮುಖದಲ್ಲಿ ನಗು ಇರಬಾರದು, ಎರಡೂ ಕಿವಿ ಕಾಣಬೇಕು. ಇನ್ನೊಂದು ತೆಗೆದುಕೊಂಡು ಹೋದೆ. ಅದರಲ್ಲಿ ಕಿವಿಯ ಹಿಂದೆ ಗೋಡೆಗೆ ನೆರಳು ಬಿದ್ದಿದೆ ಎಂದರು. ಸಾಹೇಬರು ಕನ್ನಡಕ ಹಣೆಗೆ ಏರಿಸಿ ನನ್ನನ್ನು ನೋಡಿದರು. "ಏನ್ರೀ ಇದು, ಊರಿಗೆಲ್ಲಾ ಫೋಟೋ ತೆಗೆದುಕೊಡೋರು ನೀವು, ನಿಮ್ಮ ಮಗಳದ್ದೇ ಸರಿಯಾಗಿ ಬರಲ್ವಾ?" ಎಂದರು. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಾನೂ ಹಲ್ಲು ಕಿರಿದೆ.

ಏನು ಮಾಡಲಿ ಹೇಳು, ನಿನ್ನ ಮಗಳು ಒಂದು ಕ್ಷಣ ಸುಮ್ಮನೆ ಕೂರುವ ಪೈಕಿಯಾ? ಮುಂದಿನ ತಿಂಗಳು ಮತ್ತೆ ತೆಗೆಯುತ್ತೇನೆ. ಸೆಪ್ಟೆಂಬರಿಗೆ ಇನ್ನೂ ಬೇಕಾದಷ್ಟು ಸಮಯ ಇದೆ.

ನಿನ್ನ,
ಸ್ಟುಡಿಯೋದವನು


ಜೂನ್ 15

ಪ್ರೀತಿಯ ಅಮ್ಮ,

ಹೇಗಿದ್ದೀಯಾ? ನಾನು ಚೆನ್ನಾಗಿದೀನಿ. ಅತ್ತೆ ಚೆನ್ನಾಗಿದಾಳೆ, ಮೊಣಕಾಲು ನೋವು ಅಂತಾಳೆ. ಈ ಕಾಗದ ನಾನೇ ಬರೀತಿದೀನಿ, ಯಾರೂ ಹೇಳಿಕೊಡ್ತಿಲ್ಲ. ಅತ್ತೆ ಬರೀ ವಿಳಾಸ ಬರೆದುಕೊಡ್ತಾಳೆ.

ಮೂರನೇ ಫೋಟೋನೂ ಫೇಲ್ ಆಯ್ತು. ಅದರಲ್ಲಿ ನಾನು ಒಂದು ಕಣ್ಣು ಮುಚ್ಚಿದೀನಿ. ನನ್ನ ತಪ್ಪಿಲ್ಲ ಅಮ್ಮ. ಅಪ್ಪ "ನಗಬೇಡ, ಸುಮ್ನೆ ಕೂತ್ಕೋ" ಅಂತಾನೆ. ಆಮೇಲೆ ಕ್ಯಾಮೆರಾದ ಮುಚ್ಚಳ ಮೂಗಿನ ಮೇಲೆ ಇಟ್ಕೊಂಡು ಬೆಕ್ಕು ಆಕಳಿಸೋ ಹಾಗೆ ಮಾಡ್ತಾನೆ. ನಗು ತಡ್ಕೊಳ್ಳೋಕೆ ಆಗತ್ತಾ? ನೀನೇ ಹೇಳು. ಬೇರೆ ಮಕ್ಕಳು ಬಂದರೆ ಹಾಗೆ ಮಾಡಲ್ಲ. ಅವರಿಗೆ "ಏಳರ ಮಗ್ಗಿ ಮನಸ್ಸಲ್ಲೇ ಹೇಳ್ಕೋ" ಅಂತಾನೆ. ಅವರು ಹೇಳ್ಕೋತಾ ಹೇಳ್ಕೋತಾ ಮುಖ ಪೆದ್ದುಪೆದ್ದಾಗಿ ಆಗತ್ತೆ. ಆಗ ಟಕ್ ಅಂತ ತೆಗೆದುಬಿಡ್ತಾನೆ. ಅವರದ್ದೆಲ್ಲಾ ಪಾಸ್ ಆಗತ್ತೆ. ನಾನೂ ಏಳರ ಮಗ್ಗಿ ಹೇಳ್ಕೋತೀನಿ ಅಂದೆ. ನಿನಗೆ ಬೇಡ ಅಂದ.

ಅಮ್ಮ, ನಿನ್ನ ಮನೇಲಿ ಎರಡು ಕೋಣೆ ಇದೆಯಂತೆ. ನಾನು ಅಪ್ಪ ಒಂದರಲ್ಲಿ ಮಲಗ್ತೀವಿ, ಯಾಕಂದ್ರೆ ಅಪ್ಪ ಗೊರಕೆ ಹೊಡೀತಾನೆ, ನಿನಗೆ ನಿದ್ದೆ ಬರಲ್ಲ. ನನಗೆ ಅಭ್ಯಾಸ ಆಗಿದೆ. ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ನನಗೇ ಅಂತ ಅಪ್ಪ ಒಪ್ಪಿಕೊಂಡಿದಾನೆ. ಅತ್ತೆ ಬರಲ್ವಂತೆ. ನಾನು ಕೇಳಿದ್ದಕ್ಕೆ ಅಡುಗೆಮನೆಗೆ ಹೋಗಿಬಿಟ್ಟಳು.

ನಿನಗೆ ಒಂದು ಮುತ್ತು. ಇನ್ನೊಂದು ಎದುರಿಗೆ ಸಿಕ್ಕಾಗ ಕೊಡ್ತೀನಿ.

ಇಂತಿ ನಿನ್ನ ಮಗಳು,
ಬುಗುರಿ


ಜುಲೈ 3

ಬುಗುರಿಯ ಅಪ್ಪನಿಗೆ,

ಮಗಳ ಕಾಗದ ಬಂತು. ವಾರ್ಡಿನಲ್ಲಿ ನಿಂತುಕೊಂಡೇ ಓದಿದೆ. ಬೆಕ್ಕು ಆಕಳಿಸುವುದನ್ನು ಓದಿ ಜೋರಾಗಿ ನಕ್ಕುಬಿಟ್ಟೆ, ಪಕ್ಕದ ಹಾಸಿಗೆಯ ಮಗು ಬೆಚ್ಚಿತು. ನಗುತ್ತಲೇ ಮುಂದಿನ ಸಾಲಿಗೆ ಹೋದೆ. ಅಲ್ಲಿಗೆ ನಗು ನಿಂತಿತು.

ಆ ಅಂಗಡಿಯ ಬಾಗಿಲು ತೆರೆದ ದಿನದಿಂದ ನಿಮ್ಮ ಒಂದೇ ಒಂದು ಫೋಟೋ ಯಾವ ಕಚೇರಿಯಿಂದಲೂ ವಾಪಸ್ ಬಂದಿಲ್ಲ. ನಾನೇ ಅಲ್ಲಿ ಕೂತು ಕತ್ತರಿಸಿ ಕೊಡುತ್ತಿದ್ದೆನಲ್ಲ, ನನಗೆ ಗೊತ್ತಿಲ್ಲವೇ? ತೊಟ್ಟಿಲ ಕೂಸಿನ ಫೋಟೋ ಕೂಡ ಮೊದಲ ಸಲಕ್ಕೇ ಪಾಸಾಗುತ್ತಿತ್ತು. ಕಿವಿಯ ಹಿಂದೆ ನೆರಳಂತೆ! ನನ್ನ ಕಣ್ಣಿಗೆ ಮಣ್ಣೆರಚಬೇಡಿ.

ನನಗೆ ಸಿಟ್ಟು ಬಂದಿದೆ. ಆದರೂ ನೀವು ಅವಳನ್ನು ಬಿಟ್ಟಿರಲಾರಿರಿ, ನನಗೆ ಅರ್ಥವಾಗುತ್ತದೆ. ನಾನು ಬಿಟ್ಟಿದ್ದೇನೆ, ನಾಲ್ಕು ವರ್ಷ. ಅದು ಹೇಗಿರುತ್ತದೆ ಎಂದು ನನ್ನನ್ನು ಕೇಳಿ, ಹೇಳುತ್ತೇನೆ. ಅವಳು ನಿಮ್ಮ ಹತ್ತಿರ ಇಷ್ಟು ದಿನ ಇದ್ದಾಗ ನಾನು ಒಂದು ದಿನವೂ ಅಡ್ಡ ಬರಲಿಲ್ಲ.

ಇನ್ನೊಂದು ಮಾತು. ಅವಳು ನೀವೂ ಬರುತ್ತೀರಿ ಎಂದುಕೊಂಡಿದ್ದಾಳೆ. ಮಗುವಿಗೆ ಹಾಗೆ ಹೇಳಿದ್ದು ತಪ್ಪು. ಇಲ್ಲಿಗೆ ಬಂದವರು ಮೊದಲ ಎರಡು ವರ್ಷ ದೇಶದ ಹೊರಗೆ ಹೋಗುವಂತಿಲ್ಲ, ಹೋದರೆ ವೀಸಾ ರದ್ದಾಗುತ್ತದೆ. ಅದನ್ನೂ ಅವಳಿಗೆ ಹೇಳಬೇಕು. ನಾನು ಇಲ್ಲಿಂದ ಹೇಳಿದರೆ ಅಮ್ಮ ಕಿತ್ತುಕೊಂಡಳು ಎಂದಾಗುತ್ತದೆ. ನೀವೇ ಹೇಳಬೇಕು, ಅವಳನ್ನು ಎದುರಿಗೆ ಕೂರಿಸಿಕೊಂಡು.

ನೀವು ಹೇಳುವುದಿಲ್ಲ, ಕಳಿಸುವುದಿಲ್ಲ ಎಂದಾದರೆ ಅದನ್ನಾದರೂ ನೆಟ್ಟಗೆ ಬರೆದುಬಿಡಿ. ನಾನು ಎರಡನೆಯ ಕೋಣೆಯ ಮಂಚ ವಾಪಸ್ ಕೊಡುತ್ತೇನೆ.

ಬುಗುರಿಯ ಅಮ್ಮ


ಜುಲೈ 26

ನರ್ಸಮ್ಮನವರಿಗೆ,

ಮಂಚ ವಾಪಸ್ ಕೊಡಬೇಡ.

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ಮೂರು ನಾಲ್ಕು ದಿನ ತಿರುಗಿದೆ. ಅಕ್ಕ ಮುಖ ನೋಡಿಯೇ ಗೊತ್ತುಮಾಡಿಕೊಂಡಳು. "ಸಿಕ್ಕಿಬಿದ್ಯಾ? ಒಳ್ಳೇದಾಯ್ತು ಬಿಡು. ನನಗೂ ಇನ್ನು ಸುಳ್ಳು ಹೇಳೋ ಕೆಲಸ ತಪ್ಪಿತು" ಎಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

ಶನಿವಾರ ಶಾಲೆ ಬಿಟ್ಟಮೇಲೆ ಅವಳನ್ನು ಸ್ಟುಡಿಯೋಗೆ ಕರೆದುಕೊಂಡು ಬಂದೆ. ಗಿರಾಕಿಗಳು ಬರದಿರಲಿ ಅಂತ ಬಾಗಿಲು ಅರ್ಧ ಎಳೆದೆ. ಸ್ಟೂಲಿನ ಮೇಲೆ ಕೂರಿಸಿದೆ. ಕಾಲು ಆಡಿಸುತ್ತಾ "ಬೆಕ್ಕು ಮಾಡು, ಬೆಕ್ಕು ಮಾಡು" ಎಂದಳು. ಇವತ್ತು ಬೆಕ್ಕು ಇಲ್ಲ ಎಂದೆ. ಹಾಗಾದರೆ ಏನು ಎಂದಳು. ಹೇಳಿದೆ. ಅಪ್ಪ ಬರುವುದಿಲ್ಲ ಎಂದೆ. ಒಂದು ಸಲ ಹೋದಮೇಲೆ ಎರಡು ವರ್ಷ ವಾಪಸ್ ಬರುವುದಕ್ಕೆ ಆಗುವುದಿಲ್ಲ ಎಂದೂ ಹೇಳಿದೆ. ಅಮ್ಮ ನಾಲ್ಕು ವರ್ಷದಿಂದ ಒಬ್ಬಳೇ ಇದ್ದಾಳೆ, ಈಗ ಅವಳ ಸರದಿ ಎಂದೆ. ಅದು ನೀನು ಬರೆದ ಮಾತಲ್ಲ, ಬಾಯಿಗೆ ಹಾಗೆ ಬಂತು.

ಅಳುತ್ತಾಳೆ, ರಂಪ ಮಾಡುತ್ತಾಳೆ ಎಂದು ಕರವಸ್ತ್ರ ಮೊದಲೇ ತೆಗೆದಿಟ್ಟುಕೊಂಡಿದ್ದೆ. ಅವಳು ಅಳಲೇ ಇಲ್ಲ ಕಣೇ. ಆಡುತ್ತಿದ್ದ ಕಾಲು ನಿಂತಿತು. "ಕಿಟಕಿ ಪಕ್ಕದ ಸೀಟು ನಿನಗೇ ಕೊಡ್ತೀನಿ, ಬಾ ಅಪ್ಪ" ಎಂದಳು. ಆಗುವುದಿಲ್ಲ ಮಗಳೇ ಎಂದೆ. ಸುಮ್ಮನೆ ನನ್ನನ್ನೇ ನೋಡಿದಳು. ಅವಳು ಅಷ್ಟು ಹೊತ್ತು ಅಲುಗಾಡದೆ ಕೂತದ್ದನ್ನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಆಮೇಲೆ ಅವಳೇ ಎರಡೂ ಕೈಯಲ್ಲಿ ಕೂದಲು ಕಿವಿಯ ಹಿಂದೆ ಸರಿಸಿಕೊಂಡು, "ತೆಗಿ ಅಪ್ಪ" ಎಂದಳು.

ನಗಬೇಡ ಎಂದು ಹೇಳುವ ಕೆಲಸವೇ ಬೀಳಲಿಲ್ಲ. ಒಂದೇ ಒಂದು ತೆಗೆದೆ.

ಕತ್ತಲೆಕೋಣೆಯಲ್ಲಿ ಆ ಮುಖ ನಿಧಾನವಾಗಿ ಕಾಗದದ ಮೇಲೆ ಎದ್ದಿತು. ಅಲ್ಲೇ ಗೋಡೆಗೆ ಒರಗಿ ಕೂತು ಅತ್ತುಬಿಟ್ಟೆ. ಗಂಡಸು ಅತ್ತ ಅಂತ ನಗಬೇಡ. ನಗಬೇಕಾದರೆ ನಗು, ನನಗೇನು. ಸೋಮವಾರ ಕಚೇರಿಯಲ್ಲಿ ಸಾಹೇಬರು ಫೋಟೋ ನೋಡಿ, "ನೋಡಿ, ಈಗ ಸರಿಯಾಯ್ತು" ಎಂದು ಸೀಲು ಹೊಡೆದರು. ನೋಟರಿಯ ಹತ್ತಿರವೂ ಅವತ್ತೇ ಹೋಗಿ ಸಹಿ ಹಾಕಿದೆ. ನನ್ನ ಸಹಿ ನನಗೇ ಗುರುತು ಸಿಗದ ಹಾಗೆ ಬಿತ್ತು. ಅವನು ಇನ್ನೊಮ್ಮೆ ಹಾಕಿ ಎಂದ, ಹಾಕಿದೆ.

ಆ ಫೋಟೋದ ಒಂದು ಪ್ರತಿ ಇದರೊಳಗಿದೆ. ನನ್ನದು ಯಾವುದೂ ಇಲ್ಲ, ನೋಡಿಯೇ ಹಾಕಿದ್ದೇನೆ.

ಸ್ಟುಡಿಯೋದವನು


ಸೆಪ್ಟೆಂಬರ್ 17

(ಬುಗುರಿಯ ಚೀಲದಲ್ಲಿ)

ನರ್ಸಮ್ಮ,

ಪಾಸ್‌ಪೋರ್ಟ್, ವೀಸಾ, ಒಪ್ಪಿಗೆ ಪತ್ರ, ಜನನ ಪ್ರಮಾಣ ಪತ್ರ ಎಲ್ಲ ಅವಳ ಕುತ್ತಿಗೆಯ ಚೀಲದಲ್ಲಿವೆ. ಯಾರು ಕೇಳಿದರೂ ಅವಳೇ ತೆಗೆದು ತೋರಿಸುತ್ತಾಳೆ, ನೀನು ಕೈ ಹಾಕಬೇಡ, ಮುನಿಸಿಕೊಳ್ಳುತ್ತಾಳೆ.

ಹಾಲು ಬಿಸಿ ಇದ್ದರೆ ಕುಡಿಯುವುದಿಲ್ಲ, ಆರಿದರೂ ಕುಡಿಯುವುದಿಲ್ಲ. ನಡುವೆ ಒಂದು ಹದ ಇದೆ, ನಿನಗೇ ಗೊತ್ತಾಗುತ್ತದೆ. ನಿದ್ದೆ ಬರುವಾಗ ಕಿವಿಯ ಹಾಲೆ ಹಿಡಿದುಕೊಳ್ಳುತ್ತಾಳೆ. ತನ್ನದಲ್ಲ, ಪಕ್ಕದವರದ್ದು. ಮೊದಲು ಸ್ವಲ್ಪ ಕಿರಿಕಿರಿಯಾಗುತ್ತದೆ.

ಸೈಕಲ್ ಕಲಿತಿದ್ದಾಳೆ. ಅಲ್ಲಿ ಎಡಗಡೆಯೋ ಬಲಗಡೆಯೋ ನನಗೆ ಗೊತ್ತಿಲ್ಲ, ನೀನು ಹೇಳಿಕೊಡು.

ಜೋಪಾನ.


ಅಕ್ಟೋಬರ್ 20

ಬುಗುರಿಯ ಅಪ್ಪನಿಗೆ,

ಅವಳು ಸುಖವಾಗಿ ತಲುಪಿದಳೆಂದು ಅವತ್ತೇ ಫೋನಿನಲ್ಲಿ ಹೇಳಿದೆ. ನೀವು "ಹೂಂ" ಎಂದಿರಿ. ಮಿಕ್ಕದ್ದನ್ನು ಫೋನಿನಲ್ಲಿ ಹೇಳಲು ಆಗಲಿಲ್ಲ.

ವಿಮಾನದ ಹುಡುಗಿ ಅವಳ ಕೈ ಹಿಡಿದುಕೊಂಡು ಬಾಗಿಲಿನಿಂದ ಹೊರಗೆ ಬಂದಳು. ನಾನು ಎರಡೂ ಕೈ ಚಾಚಿ ಓಡಿದೆ. ಬುಗುರಿ ಒಂದು ಹೆಜ್ಜೆ ಹಿಂದೆ ಸರಿದಳು. "ನಿಮ್ಮ ಕಾರ್ಡ್ ತೋರಿಸಿ" ಎಂದಳು. ನಿಮ್ಮ! ನನ್ನ ಮಗಳು ನನಗೆ! ಆಸ್ಪತ್ರೆಯ ಗುರುತಿನ ಕಾರ್ಡ್ ತೆಗೆದು ಕೊಟ್ಟೆ. ಅದನ್ನು ಹಿಡಿದು ಒಮ್ಮೆ ಫೋಟೋ, ಒಮ್ಮೆ ನನ್ನ ಮುಖ ನೋಡಿದಳು. "ಕೂದಲು ನೋಡಬಾರದು, ಕಿವಿ ನೋಡಬೇಕು ಅಂತ ಅಪ್ಪ ಹೇಳಿದಾನೆ. ಕಿವಿ ಬದಲಾಗಲ್ವಂತೆ" ಎಂದಳು. ನಾನು ಕೂದಲು ಸರಿಸಿ ಬಗ್ಗಿ ನಿಂತೆ. ಅಷ್ಟು ಜನರ ನಡುವೆ, ಕಿವಿ ತೋರಿಸಿಕೊಂಡು. ಆಮೇಲೆ ಕಾರ್ಡ್ ವಾಪಸ್ ಕೊಟ್ಟು, "ಸರಿ, ಅಮ್ಮ" ಎಂದಳು. ಅವಳನ್ನು ನನ್ನ ಕೈಗೆ ಹುಷಾರಾಗಿ ತಲುಪಿಸಬೇಕೆಂದು ನೀವು ಹೇಳಿಕೊಟ್ಟದ್ದು, ತಪ್ಪೇನಿಲ್ಲ. ಆದರೆ ಹೆತ್ತವಳಿಗೆ ಅದು ಹೇಗಾಯಿತು ಎಂದು ನಾನು ಯಾರಿಗೆ ಹೇಳಿಕೊಳ್ಳಲಿ?

ಒಳ್ಳೆಯ ಮಗು. ಒಳ್ಳೆಯ ಮಗುವನ್ನಾಗಿ ಬೆಳೆಸಿದ್ದೀರಿ. ಹೇಳಿದ ಮಾತು ಕೇಳುತ್ತಾಳೆ, ತಟ್ಟೆ ತಾನೇ ತೊಳೆಯುತ್ತಾಳೆ, ಶಾಲೆಗೆ ತಕರಾರಿಲ್ಲದೆ ಹೋಗುತ್ತಾಳೆ. ಆದರೆ ನಗುವುದಿಲ್ಲ. ಮೊದಲ ವಾರ ಹೊಸ ಜಾಗ ಎಂದುಕೊಂಡೆ. ಆಮೇಲೆ ನನ್ನ ಮೇಲೆ ಕೋಪ ಎಂದುಕೊಂಡೆ. ಏನೇನೋ ಮಾಡಿದೆ. ನಿಮ್ಮ ಬೆಕ್ಕು ಕೂಡ ಮಾಡಿದೆ, ಸಾಬೂನಿನ ಡಬ್ಬಿಯ ಮುಚ್ಚಳ ಮೂಗಿಗೆ ಇಟ್ಟುಕೊಂಡು. ಅವಳ ತುಟಿ ನಡುಗಿತು. ಕೆನ್ನೆ ಒಳಗೆ ಕಚ್ಚಿ ಹಿಡಿದು ತಡೆದುಕೊಂಡಳು. ಆಗ ನನಗೆ ಗೊತ್ತಾಯಿತು. ಇದು ನಗು ಬಾರದ ಮಗುವಲ್ಲ, ಬಂದ ನಗುವನ್ನು ನುಂಗುತ್ತಿರುವ ಮಗು.

ಹತ್ತಿರ ಕೂರಿಸಿಕೊಂಡು ಕೇಳಿದೆ. ಮೊದಲು ಹೋಗಿ ಪಾಸ್‌ಪೋರ್ಟ್ ತಂದಳು. ಆಮೇಲೆ ಹೇಳಿದಳು: "ವಾಪಸ್ ಹೋಗುವಾಗಲೂ ಫೋಟೋ ನೋಡ್ತಾರಲ್ಲ ಅಮ್ಮ. ಮುಖ ಹಾಗೇ ಇರಬೇಕು. ನಕ್ಕೂ ನಕ್ಕೂ ಬೇರೆ ಥರ ಆಗಿಬಿಟ್ರೆ ಅಪ್ಪನ ಹತ್ರ ಹೋಗೋಕೆ ಬಿಡಲ್ಲ."

ಹಾಗೇನೂ ಇಲ್ಲ, ನಗಬಹುದು ಎಂದೆ. "ನಿನಗೆ ಗೊತ್ತಿಲ್ಲ. ಫೋಟೋ ವಿಷಯ ಅಪ್ಪನಿಗೇ ಗೊತ್ತು" ಎಂದಳು.

ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಪಾಸ್‌ಪೋರ್ಟ್ ಹಿಡಿದು ನಿಂತು ಸರಿನೋಡಿಕೊಳ್ಳುತ್ತಾಳೆ. ನನಗೆ ಅದನ್ನು ನೋಡುವುದಕ್ಕೆ ಆಗುತ್ತಿಲ್ಲ. ನಾನು ಏನು ಹೇಳಿದರೂ ನಂಬುವುದಿಲ್ಲ. ನೀನು ಬರಿ. ಅವಳ ಹೆಸರಿಗೇ ಬರಿ. ನಿನ್ನ ಮಾತನ್ನು ಮಾತ್ರ ಕೇಳುತ್ತಾಳೆ. ನಿನ್ನ ಕಾಲು ಹಿಡಿಯುತ್ತೇನೆ ಕಣೋ, ಬೇಗ ಬರಿ.

ನಾನು


ನವೆಂಬರ್ 5

ನನ್ನ ಬುಗುರಿಗೆ,

ಅಮ್ಮ ನಿನಗೆ ಓದಿ ಹೇಳುವುದು ಬೇಡ, ನೀನೇ ಓದಿಕೋ. ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಅತ್ತೆ ಪಕ್ಕದಲ್ಲೇ ಕೂತು ಇಣುಕುತ್ತಿದ್ದಾಳೆ. "ಸ್ವೆಟರ್ ಹಾಕ್ಕೋತಾಳಾ ಕೇಳು" ಎನ್ನುತ್ತಿದ್ದಾಳೆ. ಹಾಕಿಕೊಳ್ಳುತ್ತೀಯಾ?

ನೀನು ಮುಖ ಹಾಗೇ ಇಟ್ಟುಕೊಂಡಿದ್ದೀಯಂತೆ. ಅಮ್ಮ ಬರೆದಿದ್ದಾಳೆ. ಭಲೇ! ನನ್ನ ಹತ್ತಿರ ಎಷ್ಟೋ ಮಕ್ಕಳು ಕೂತು ಹೋಗಿದ್ದಾರೆ, ಹತ್ತು ಎಣಿಸುವವರೆಗೂ ಹಾಗೆ ಇರಲಾರರು. ನೀನು ಇಷ್ಟು ದಿನ ಇದ್ದೆ. ಆದರೆ ಮಗಳೇ, ಫೋಟೋ ಕೆಲಸ ಅಪ್ಪನಿಗೆ ಗೊತ್ತು ಎಂದು ನೀನೇ ಹೇಳಿದೆಯಲ್ಲ, ಹಾಗಾದರೆ ಕೇಳು.

ನಗು ಬರಬಾರದು ಎನ್ನುವುದು ಫೋಟೋಗೆ ಮಾತ್ರ. ಮುಖಕ್ಕೆ ಅಂಥ ಕಾನೂನು ಯಾವ ದೇಶದಲ್ಲೂ ಇಲ್ಲ. ನಕ್ಕರೆ ಮುಖ ಬದಲಾಗುವುದಿಲ್ಲ. ಅದು ಬದಲಾಗುವುದು ಬೆಳೆದರೆ. ನೀನು ಬೆಳೆಯುತ್ತೀಯ. ನೀನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡರೂ ಎರಡು ವರ್ಷಕ್ಕೆ ನಿನ್ನ ಮುಖ ಆ ಫೋಟೋ ಹಾಗೆ ಇರುವುದಿಲ್ಲ. ಇರಲೂಬಾರದು.

ಇನ್ನೊಂದು ವಿಷಯ. ಇದನ್ನು ನಾನು ನಿನಗೆ ಸ್ಟುಡಿಯೋದಲ್ಲಿ ಸರಿಯಾಗಿ ಹೇಳಿರಲಿಲ್ಲ. ನೀನು ನನ್ನ ಹತ್ತಿರ ಬರದಂತೆ ಪಾಸ್‌ಪೋರ್ಟ್ ಕಿಟಕಿಯವರು ತಡೆದಿಲ್ಲ, ಅಮ್ಮ ತಡೆದಿಲ್ಲ. ನೋಟರಿಯ ಎದುರು ಸಹಿ ಹಾಕಿದವನು ನಾನು. ಮಗಳು ಅಮ್ಮನ ಹತ್ತಿರ ಇರಲಿ ಎಂದು ನಾನೇ ಬರೆದುಕೊಟ್ಟಿದ್ದೇನೆ. ನೀನು ಮುಖ ಹಾಗೇ ಇಟ್ಟುಕೊಂಡರೂ ಈಗ ಬರುವುದಿಲ್ಲ, ಬುಗುರಿ. ನಕ್ಕರೂ ಬರುವುದಿಲ್ಲ. ನೀನು ಏನು ಮಾಡಿದರೂ ಮಾಡದಿದ್ದರೂ ಅದು ನಿನ್ನ ಕೈಯಲ್ಲಿಲ್ಲ. ಅದಕ್ಕೇ ನೀನು ಆ ಭಾರ ಹೊರಬೇಡ, ಕೆಳಗೆ ಇಳಿಸಿಬಿಡು. ಸಿಟ್ಟು ಬಂದರೆ ನನ್ನ ಮೇಲೆ ಮಾಡಿಕೋ. ಕಾಗದದಲ್ಲಿ ಬೈದು ಬರಿ. ಅತ್ತೆಗೆ ಓದಿ ಹೇಳುತ್ತೇನೆ, ಅವಳಿಗೆ ಖುಷಿಯಾಗುತ್ತದೆ.

ಪಾಸ್‌ಪೋರ್ಟನ್ನು ಅಮ್ಮನ ಬೀರುವಿನಲ್ಲಿ ಇಡು. ಬೆಳಿಗ್ಗೆ ಕನ್ನಡಿಯಲ್ಲಿ ತಲೆ ಬಾಚಿಕೊಂಡರೆ ಸಾಕು.

ಮತ್ತೆ, ತಡೆದಿಟ್ಟುಕೊಂಡ ನಗು ಎಲ್ಲ ಒಟ್ಟಿಗೇ ಬರುತ್ತದೆ, ನೋಡುತ್ತಿರು. ಬಂದಾಗ ಶಾಲೆಯಲ್ಲಿ ಖರ್ಚು ಮಾಡಬೇಡ. ಮನೆಗೆ ಹೋಗಿ ಮೊದಲು ಅಮ್ಮನ ಎದುರು ನಗು. ಹಲ್ಲು ಕಾಣುವ ಹಾಗೆ. ಅವಳು ನೋಡದೆ ನಾಲ್ಕು ವರ್ಷವಾಯಿತು. ನಾನು ಬೇಕಾದಷ್ಟು ನೋಡಿದ್ದೇನೆ.

ನಿನ್ನ,
ಅಪ್ಪ